ಒಂದೇ ಕೂ

ನಮ್ಮ ಮನೆಯ ಫೋನು ಮೂರು ಸಲ ರಿಂಗಾಗದೆ ಯಾರೂ ಎತ್ತುವುದಿಲ್ಲ. ಬಾಗಿಲನ್ನು ಮೂರು ಸಲ ತಟ್ಟದೆ ತೆಗೆಯುವುದಿಲ್ಲ. ಪೋಸ್ಟಿನವನಿಂದ ಹಿಡಿದು ಮೀನಿನ ಉಮ್ಮರನವರೆಗೆ ಎಲ್ಲರಿಗೂ ಇದು ಗೊತ್ತಿದೆ. ಉಮ್ಮರ್ ಗೇಟಿನ ಹತ್ತಿರ ಬಂದರೆ ಪೋಂ ಪೋಂ ಪೋಂ ಎಂದು ಮೂರು ಸಲ ಹಾರ್ನು ಒತ್ತಿ, ಆಮೇಲೆಯೇ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾನೆ. ಕೆಲವರು ನಗುತ್ತಾರೆ. ನಗಲಿ. ಇದು ನನ್ನ ಅತ್ತೆ ಮಾಡಿಟ್ಟ ಕಾನೂನು. ಅತ್ತೆ ಹೋದರು, ಕಾನೂನು ಹೋಗಲಿಲ್ಲ.

ಮೊದಲು ಇದು ಕೂಗಿಗೆ ಮಾತ್ರ ಇದ್ದದ್ದು. ಪೊಳಲಿಯಿಂದ ಸ್ವಲ್ಪ ಒಳಗೆ, ಫಲ್ಗುಣಿ ಹೊಳೆಯ ಬದಿಯ ಬೈಲಿನ ಅಂಚಿನಲ್ಲಿ ನಮ್ಮ ಮನೆ. ಈಚೆಯವರು ಆಚೆಯವರನ್ನು ಕರೆಯಬೇಕಾದರೆ ಹಿಂದೆಲ್ಲ ಕೈಯನ್ನು ಬಾಯಿಗೆ ಹಿಡಿದು ಉದ್ದಕ್ಕೆ ಒಂದು ‘ಕೂ’ ಹಾಕುತ್ತಿದ್ದರು. ಕೇಳಿದವರು ‘ಓ’ ಎನ್ನುತ್ತಿದ್ದರು. ಹಗಲಿನಲ್ಲಿ ಹೇಗಾದರೂ ನಡೆಯುತ್ತದೆ. ಹೊತ್ತು ಕಂತಿದ ಮೇಲೆ ಒಂದೇ ಕೂ ಕೇಳಿದರೆ ಓಗೊಡಬಾರದು. ಎರಡು ಕೇಳಿದರೂ ಬೇಡ. ಮೂರನೆಯದಕ್ಕೆ ಮಾತ್ರ ಓ ಎನ್ನಬೇಕು. ಏಕೆಂದರೆ ಕುಲೆಗಳು, ಅಂದರೆ ಸತ್ತೂ ಹೋಗದೆ ಇಲ್ಲೇ ಅಲೆಯುವವರು, ಒಂದೇ ಸಲ ಕರೆಯುವುದು. ಓಗೊಟ್ಟವರನ್ನು ಜೊತೆಗೆ ಕರೆದುಕೊಂಡು ಹೋಗುವುದು.

ಅತ್ತೆಯ ಬಳಿ ಇದಕ್ಕೆ ಸಾಕ್ಷಿಯೂ ಇತ್ತು. ಇದೇ ಮನೆಯಲ್ಲಿ ಅವರು ಸಣ್ಣವರಿದ್ದಾಗ ಬೊಗ್ಗು ಎಂಬ ದೋಣಿಯವನಿದ್ದನಂತೆ. ಬೈಲಿನ ಒಳಗೆ ಕಲ್ಲಿನ ಮೆಟ್ಟಿಲುಗಳ ಕಡವಿನಲ್ಲಿ ಅವನು ದೋಣಿ ಕಟ್ಟುತ್ತಿದ್ದದ್ದು. ಒಂದು ಸಂಜೆ ಆ ಕಡೆಯಿಂದ ಒಂದೇ ಒಂದು ಕೂ ಕೇಳಿತು. ಮನೆಯವರೆಲ್ಲ ಕಿವಿಗೊಟ್ಟು ಕೂತರು. ಎರಡನೆಯದು ಬರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಮಗುಚಿದ ದೋಣಿ, ಅದರ ಅಡಿಯಲ್ಲಿ ಬೊಗ್ಗು. “ನೋಡು ನೀಲಾವತಿ, ಸತ್ತ ಗಳಿಗೆಯಿಂದಲೇ ಕರೀಲಿಕ್ಕೆ ಶುರು ಮಾಡಿದ” ಎಂದು ಅತ್ತೆ ಹೇಳುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು. ಯಾರೂ ಓಗೊಡದೆ ಇದ್ದದ್ದು ಒಳ್ಳೆಯದೇ ಆಯಿತು ಎಂದು ನಾನೂ ತಲೆಯಾಡಿಸುತ್ತಿದ್ದೆ.

ಅತ್ತೆಯ ಇನ್ನೊಂದು ಕಾನೂನು, ಗಂಡನ ಹೆಸರು ಹೇಳಬಾರದು ಎಂಬುದು. ಬರೆಯಲಿಕ್ಕೆ ಅಡ್ಡಿಯಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ: ನಿತ್ಯಾನಂದ. ಬಾಯಲ್ಲಿ ಮಾತ್ರ ‘ಇವರು’. ದುಬಾಯಿಯ ಒಂದು ಹೋಟೆಲಿನಲ್ಲಿ, ಕಿಟಕಿಯೇ ಇಲ್ಲದ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಅಲ್ಲಿಗೆ ಫೋನು ಮಾಡಿದರೂ ಮೂರನೇ ರಿಂಗಿಗೇ ಎತ್ತುತ್ತಿದ್ದರು, ತಾಯಿಗೆ ತಕ್ಕ ಮಗ. ಕಳೆದ ವರ್ಷ ಗಂಟುಮೂಟೆ ಕಟ್ಟಿ ಊರಿಗೆ ಬಂದರು. ಬಂದವರು ಪೇಪರ್ ಓದಿಕೊಂಡು, ಪೇಟೆಗೆ ಹೋಗಿ ಬಂದುಕೊಂಡು ಇರುತ್ತಾರೆ ಎಂದು ನಾನು ಎಣಿಸಿದರೆ, ಎರಡು ಕಯಾಕ್ ತರಿಸಿದರು. ಪ್ಲಾಸ್ಟಿಕ್ಕಿನ ಕಿರುದೋಣಿಗಳು. ಕೆಂಪಿನದು ಒಬ್ಬರಿಗೆ. ಹಳದಿಯದು ಇಬ್ಬರಿಗೆ.

“ಇದು ನನಗೆ ಮತ್ತೆ ನಿನಗೆ” ಎಂದರು.

“ನನಗೆ ಎಂತಕ್ಕೆ? ಈ ಪ್ರಾಯದಲ್ಲಿ ನಾನು ಇದರಲ್ಲಿ ಕೂತ್ರೆ ದೋಣಿ ಮುಳುಗ್ತದೆ, ಊರು ನಗ್ತದೆ” ಎಂದೆ.

ಆ ಹಳದಿ ಕಯಾಕನ್ನು ನಾನು ಹಟ್ಟಿಯ ಹತ್ತಿರ ಎಳೆದು, ದನಕ್ಕೆ ಅಕ್ಕಚ್ಚು ಹಾಕಲಿಕ್ಕೆ ಇಟ್ಟುಕೊಂಡೆ. ಅಕ್ಕಿ ತೊಳೆದ ನೀರು, ಉಳಿದ ಗಂಜಿ, ಹಿಂಡಿ ಎಲ್ಲ ಅದರಲ್ಲೇ. ಸೋರುವುದಿಲ್ಲ, ದನ ಒದ್ದರೂ ಒಡೆಯುವುದಿಲ್ಲ, ಬಹಳ ಒಳ್ಳೆಯ ಬಾನಿ. ಇವರು ನೋಡಿ ಮುಖ ಸಣ್ಣದು ಮಾಡಿಕೊಂಡರು.

ಮಳೆಗಾಲ ಕಳೆದ ಮೇಲೆ ನಮ್ಮಿಂದ ಕೆಳಗಿನ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುತ್ತಾರೆ. ಹಲಗೆ ಬಿದ್ದರೆ ಹೊಳೆ ಹಿಂದಕ್ಕೆ ತುಂಬಿ ಬಂದು ಬೈಲಿಗೆ ಹರಡುತ್ತದೆ. ಅಲ್ಲಿ ಬೇಸಾಯ ಬಿಟ್ಟು ಕಾಲವಾಯಿತು. ಗದ್ದೆಗಳೆಲ್ಲ ಹಡಿಲು ಬಿದ್ದು ಜೊಂಡು ಹುಲ್ಲು, ಮುಳ್ಳಿನ ಮುಂಡಿಗೆ ಪೊದೆ ತುಂಬಿಕೊಂಡಿವೆ. ನಡುನಡುವೆ ನೀರಿನ ಓಣಿಗಳು. ಒಂದು ಓಣಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ನಡೆದು ಹೋಗುವುದಕ್ಕೆ ಕೆಸರು ಬಿಡುವುದಿಲ್ಲ, ದೊಡ್ಡ ದೋಣಿಗೆ ಜಾಗವಿಲ್ಲ. ನಮ್ಮ ಮನೆಯ ಎದುರಿಗೇ ಇದ್ದರೂ ಅದರ ಒಳಗೆ ಏನಿದೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇವರಿಗೆ ಅದೇ ಹುಚ್ಚು ಹಿಡಿಯಿತು. ದಿನಾ ಊಟ ಮಾಡಿ ಕೆಂಪು ಕಯಾಕ್ ಇಳಿಸಿ ಹೋಗುವುದು, ಹೊತ್ತು ಕಂತುವ ಮೊದಲು ಬರುವುದು. ರಾತ್ರಿ ಊಟಕ್ಕೆ ಕೂತರೆ ವರದಿ. ಇವತ್ತು ತಾವರೆ ಎಲೆಯ ಮೇಲೆ ನಡೆಯುವ ಹಕ್ಕಿ ಕಂಡಿತು. ಇವತ್ತು ನೀರುನಾಯಿ ಮರಿಗಳನ್ನು ಕರೆದುಕೊಂಡು ದಾಟಿತು, ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. ಇವತ್ತು ಬೊಗ್ಗುವಿನ ಕಡವಿನ ಮೆಟ್ಟಿಲು ಸಿಕ್ಕಿತು, ಅದರಾಚೆಗೂ ದಾರಿ ಇದೆ. ನಾನು ‘ಹೂಂ’ ಎಂದು ಕೂಡ ಹೇಳುತ್ತಿರಲಿಲ್ಲ. ಆದರೆ ಒಂದು ದಿನ ಇವರು ಬೇಗ ಮಲಗಿ ವರದಿ ತಪ್ಪಿದಾಗ ನನಗೆ ಊಟವೇ ರುಚಿಸಲಿಲ್ಲ, ಅದನ್ನು ಈಗ ಹೇಳಬಹುದು.

ಆ ಶನಿವಾರ ಕಪಾಟು ತೆರೆದರೆ ನನ್ನ ಕೆಂಪು ಸೀರೆ ಇಲ್ಲ. ದುಬಾಯಿಯಿಂದ ಮೊದಲ ರಜೆಗೆ ಬಂದಾಗ ಇವರೇ ತಂದ ಸೀರೆ. ಹೊರಗೆ ಬಂದು ನೋಡಿದರೆ ಜಗಲಿಯಲ್ಲಿ ಕೂತು ಅದನ್ನು ಪಟ್ಟಿ ಪಟ್ಟಿಯಾಗಿ ಹರಿಯುತ್ತಿದ್ದಾರೆ.

“ಕವಲು ಬಂದಲ್ಲಿ ಗಿಡಕ್ಕೆ ಕಟ್ಟಿ ಹೋಗ್ಲಿಕ್ಕೆ. ಬರುವಾಗ ದಾರಿ ತಪ್ಪಬಾರದಲ್ಲ” ಎಂದರು. “ಹಳತು ಅಂತ ತೆಗೆದೆ ಮಾರಾಯ್ತಿ. ನೀನು ಉಡುದೇ ಇಲ್ಲ.”

ನನ್ನ ಪಿತ್ತ ನೆತ್ತಿಗೇರಿತು.

“ಹಳತಾದ್ರೆ ಹರಿಯುದಾ? ಹಾಗಾದ್ರೆ ನಾನೂ ಹಳತೇ. ನನ್ನನ್ನೂ ಹರಿದು ಒಂದೊಂದು ಗಿಡಕ್ಕೆ ಕಟ್ಟಿ ಬನ್ನಿ.”

ಅಲ್ಲಿಂದ ಶುರುವಾದದ್ದು ದುಬಾಯಿ, ಕಯಾಕ್, ಅವರ ಅಮ್ಮ, ನನ್ನ ಅಪ್ಪ ಎಲ್ಲ ಸುತ್ತಿ ಬಂತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡನ್ನೂ ಬಲ್ಲವರಿಲ್ಲ. ಅನ್ನ, ಬಂಗುಡೆ ಮೀನಿನ ಪುಳಿಮುಂಚಿ ಸಾರು ಬಡಿಸಿಟ್ಟು, “ತಿನ್ನುದಾದ್ರೆ ತಿನ್ನಿ” ಎಂದು ಹೇಳಿ ನಾನು ಹಟ್ಟಿಗೆ ಹೋದೆ. ದನದ ಹತ್ತಿರ ಉಳಿದ ಜಗಳ ಮುಗಿಸಿ ಬರುವಾಗ ಇವರೂ ಇರಲಿಲ್ಲ, ಕೆಂಪು ಕಯಾಕೂ ಇರಲಿಲ್ಲ.

ಸಂಜೆ ಅಂಗಳದಲ್ಲಿ ಒಣಗಲು ಹಾಕಿದ್ದ ಕೊಬ್ಬರಿ ಒಳಗೆ ತರುತ್ತಿದ್ದೆ. ಸೂರ್ಯ ಆಗಷ್ಟೇ ಇಳಿದಿದ್ದ. ಬೈಲಿನ ಒಳಗಿನಿಂದ ಒಂದು ಕೂ ಕೇಳಿತು. ದೂರದಿಂದ. ನಡುವಿನಲ್ಲಿ ಒಡೆದ ಹಾಗೆ.

ನಾನು ಕೊಬ್ಬರಿ ಹಿಡಿದುಕೊಂಡು ನಿಂತಲ್ಲೇ ನಿಂತೆ. ಎರಡನೆಯದಕ್ಕೆ ಕಾದೆ. ಬರಲಿಲ್ಲ. ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ ಬಾಗಿಲು ಹಾಕಿಕೊಂಡೆ.

ಆಮೇಲೆ ಅಡುಗೆಮನೆಗೆ ಹೋದೆ. ಮೇಜಿನ ಮೇಲೆ ಬಟ್ಟಲು, ಅದರ ಮೇಲೆ ಮುಚ್ಚಿಟ್ಟ ತಟ್ಟೆ. ತೆಗೆದು ನೋಡಿದರೆ ಅನ್ನ ಹಾಕಿದ ಹಾಗೆಯೇ ಇದೆ. ಬಂಗುಡೆಯ ಒಂದು ಮುಳ್ಳು ಕೂಡ ಅಲುಗಿಲ್ಲ. ಬದಿಯಲ್ಲಿ ಇವರ ಸಕ್ಕರೆ ಕಾಯಿಲೆಯ ಮಾತ್ರೆಯ ಪಟ್ಟಿ. ಇವತ್ತಿನ ಮಾತ್ರೆ ನುಂಗಿಯಾಗಿತ್ತು.

ಈ ಮಾತ್ರೆ ತಿಂದು ಊಟ ಬಿಡಬಾರದು. ಹೋದ ವರ್ಷ ಗುರುವಾಯನಕೆರೆಯಲ್ಲಿ ಒಂದು ಮದುವೆಗೆ ಹೋಗಿದ್ದಾಗ ಊಟ ತಡವಾಗಿ ಇವರ ಸಕ್ಕರೆ ಇಳಿದಿತ್ತು. ‘ನೀ’ ಎಂದರು. ‘ಲಾ’ ಎನ್ನುವ ಮೊದಲೇ ಕುರ್ಚಿಯಿಂದ ಜಾರಿದರು. ಬೇಗ ಸಿಹಿ ಕೊಡದಿದ್ದರೆ ಏಳುವುದೇ ಇಲ್ಲ ಎಂದು ಡಾಕ್ಟರು ನನ್ನನ್ನು ಪ್ರತ್ಯೇಕ ಕರೆದು ಹೇಳಿದ್ದರು. ಈಗ ಮಧ್ಯಾಹ್ನದಿಂದ ಹುಟ್ಟು ಹಾಕುತ್ತಾ ಖಾಲಿ ಹೊಟ್ಟೆಯಲ್ಲಿ ನೀರಿನ ಮೇಲೆ ಇದ್ದಾರೆ. ಫೋನಿಗೆ ಕರೆ ಮಾಡಿದರೆ ಅದು ದೇವರಕೋಣೆಯ ಪಕ್ಕದಲ್ಲೇ ಹಾಡಿತು. ನೀರಿಗೆ ಬಿದ್ದರೆ ಹಾಳಾಗುತ್ತದೆ ಎಂದು ಇಟ್ಟು ಹೋಗುವ ಅಭ್ಯಾಸ.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಮೂರು ಸಲ. ಇವರೇ ಎಂದು ಓಡಿದೆ. ಇವರ ತಂಗಿಯ ಮಗಳು ಸಾತ್ವಿಕಾ. ಮೂಡುಬಿದಿರೆಯಲ್ಲಿ ಕಾಲೇಜು ಓದುವವಳು, ನಾಳೆ ಬರುತ್ತೇನೆ ಎಂದಿದ್ದವಳು ಇವತ್ತೇ ಬ್ಯಾಗು ಹಿಡಿದು ನಿಂತಿದ್ದಳು. ನಾನು ಅವಳ ಕೈ ಹಿಡಿದು ಅತ್ತುಬಿಟ್ಟೆ.

ಅವಳು ಎನ್‌ಸಿಸಿಯ ನೌಕಾ ವಿಭಾಗದವಳು, ದೋಣಿ ನಡೆಸಲು ಕಲಿತವಳು. ಅಳುವುದನ್ನು ಪೂರ್ತಿ ಕೇಳುವಷ್ಟು ಪುರುಸೊತ್ತು ತೆಗೆದುಕೊಳ್ಳಲಿಲ್ಲ. ಮೊದಲು ಆಚೆ ದಡದ ಮೊಯ್ದೀನನಿಗೆ ಫೋನು ಮಾಡಿದಳು. ಹತ್ತಿರದಲ್ಲಿ ದೋಣಿ ಇರುವುದು ಅವನೊಬ್ಬನ ಬಳಿ. ಅವನು ಕಲ್ಲಡ್ಕದಲ್ಲಿ ಮದುವೆಗೆ ಹೋಗಿದ್ದ. “ಈಗಲೇ ಹೊರಟೆ ಅಂತ ಹೇಳು ನೀಲಕ್ಕನಿಗೆ” ಎಂದನಂತೆ. ಕಲ್ಲಡ್ಕದಿಂದ ಅವನು ಬಂದು ದೋಣಿ ಬಿಚ್ಚುವವರೆಗೆ ಇವರ ಗತಿ ಏನು?

“ಮಾಮಿ, ಆ ಹಳದಿ ಕಯಾಕ್ ಎಲ್ಲುಂಟು?” ಎಂದಳು ಸಾತ್ವಿಕಾ.

“ಹಟ್ಟಿಯಲ್ಲಿ.”

ಹೋಗಿ ನೋಡಿ ಒಂದು ಕ್ಷಣ ಮೂಗು ಮುಚ್ಚಿಕೊಂಡಳು. ಮತ್ತೆ ಅಕ್ಕಚ್ಚು ಚೆಲ್ಲಿದಳು. ನಾನು ಎರಡು ಕೊಡ ನೀರು ಹೊಯ್ದೆ. ದನ ನಮ್ಮಿಬ್ಬರನ್ನೂ ಬಹಳ ಬೇಸರದಿಂದ ನೋಡಿತು.

ತೇಲುವ ಜಾಕೆಟುಗಳು ಇನ್ನೂ ಅಂಗಡಿಯ ಕವರಿನಲ್ಲೇ ಇದ್ದವು, ಬಿಚ್ಚಿ ತೊಟ್ಟುಕೊಂಡೆವು. ನಾನು ಮನೆಗೆ ಬಂದವರಿಗೆ ನೀರಿನ ಜೊತೆ ಕೊಡುವ ಬೆಲ್ಲದ ಡಬ್ಬಿಯನ್ನೇ ಸೊಂಟಕ್ಕೆ ಕಟ್ಟಿಕೊಂಡೆ, ಒಂದು ಬಾಟಲಿ ನೀರೂ ಇಟ್ಟುಕೊಂಡೆ. ಸಾತ್ವಿಕಾ ನನ್ನನ್ನು ಮುಂದೆ ಕೂರಿಸಿ ಕೈಗೆ ಟಾರ್ಚ್ ಕೊಟ್ಟಳು. ಕಯಾಕ್ ನನ್ನ ಭಾರಕ್ಕೆ ಎಡಕ್ಕೂ ಬಲಕ್ಕೂ ವಾಲಿತು.

“ಮಾಮಿ, ಅಲುಗಾಡ್ಬೇಡಿ.”

“ನಾನೆಲ್ಲಿ ಅಲುಗಾಡ್ತೇನೆ? ಉಸಿರಾಡ್ತಾ ಇದ್ದೇನೆ ಅಷ್ಟೆ.”

“ಹಾಗಾದ್ರೆ ಸ್ವಲ್ಪ ನಿಧಾನಕ್ಕೆ ಆಡಿ” ಎಂದಳು. ದೋಣಿ ಮುಂದೆ ಹೋಯಿತು.

ನಾನು ಮದುವೆಯಾಗಿ ಬಂದಂದಿನಿಂದ ಆ ಬೈಲನ್ನು ಅಂಗಳದಿಂದ ನೋಡಿದವಳು. ಒಳಗೆ ಹೋದರೆ ಅದು ಬೇರೆಯೇ ಊರು. ಎರಡು ಕಡೆ ಜೊಂಡು ತಲೆಗಿಂತ ಎತ್ತರ, ನಡುವೆ ಕಪ್ಪು ನೀರು. ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು, ಕೆಳಗೆ ಇರಲಿಲ್ಲ. ಗೂಡಿಗೆ ಮರಳಿದ ಬೆಳ್ಳಕ್ಕಿಗಳು ಪೊದೆಯ ಮೇಲೆ ಕೂತು ಜಾಗಕ್ಕಾಗಿ ಜಗಳವಾಡುತ್ತಿದ್ದವು. ಮೊದಲ ಕವಲು ಬಂತು. ಯಾವ ಕಡೆ ಎಂದು ಸಾತ್ವಿಕಾ ಕೇಳುವ ಮೊದಲೇ ಟಾರ್ಚಿನ ಬೆಳಕಿನಲ್ಲಿ ಒಂದು ಕೆಂಪು ಪಟ್ಟಿ ಕಂಡಿತು. ನನ್ನ ಸೀರೆ. ಮುಂಡಿಗೆಯ ಗೆಲ್ಲಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದ್ದರು.

“ಈ ಕಡೆ” ಎಂದೆ.

ಇನ್ನೊಂದು ಕವಲು, ಇನ್ನೊಂದು ಪಟ್ಟಿ. ಅಂಚಿನ ಜರಿ ಟಾರ್ಚಿಗೆ ಮಿನುಗುತ್ತಿತ್ತು. ಆ ಸೀರೆಯನ್ನು ನಾನು ಉಡದೆ ಇಟ್ಟದ್ದು ಹಾಳಾಗಬಾರದು ಎಂದು. ಅದು ಕಪಾಟಿನಲ್ಲಿ ಮಡಚಿಕೊಂಡೇ ಇದ್ದಿದ್ದರೆ ಇವತ್ತು ನಾವು ಎರಡನೇ ಕವಲು ಕೂಡ ದಾಟುತ್ತಿರಲಿಲ್ಲ.

ಬೊಗ್ಗುವಿನ ಕಡವು ದಾಟಿದೆವು. ಮೆಟ್ಟಿಲುಗಳ ಕಡೆ ನಾನು ಟಾರ್ಚ್ ತಿರುಗಿಸಲಿಲ್ಲ. ಅದರಾಚೆ ಒಂದು ಪಟ್ಟಿ ಇತ್ತು. ಮತ್ತೆ ಪಟ್ಟಿಯಿಲ್ಲ. ಎದುರಿಗೆ ಮೂರು ಓಣಿಗಳು ಮಾತ್ರ.

“ಈಗ ಕರೀರಿ ಮಾಮಿ. ಒಮ್ಮೆ ಕರೆದು ಸುಮ್ಮನೆ ಕೇಳ್ಬೇಕು. ನಾವೇ ಕೂಗ್ತಾ ಇದ್ರೆ ಅವರ ಸ್ವರ ಕೇಳುದಿಲ್ಲ. ನಮಗೆ ಹಾಗೇ ಕಲಿಸಿದ್ದು.”

ಒಂದು ಕೂ ಹಾಕಿದೆ. ಇಬ್ಬರೂ ಉಸಿರು ಹಿಡಿದು ಕೇಳಿದೆವು. ಏನೂ ಇಲ್ಲ. ಬಲಗಡೆಯ ಓಣಿಗೆ ಹೋಗಿ ಅಲ್ಲಿ ಒಂದು ಕೂ. ಏನೂ ಇಲ್ಲ. ಅದು ಕೆಸರಿನಲ್ಲಿ ಮುಗಿಯಿತು. ಹಿಂದೆ ಬಂದು ನಡುವಿನ ಓಣಿ, ಅಲ್ಲಿ ಒಂದು ಕೂ. ಕಪ್ಪೆಗಳು ಒಮ್ಮೆ ನಿಂತು ಮತ್ತೆ ಶುರು ಮಾಡಿದವು.

ಆಗ ಕೇಳಿತು. ಹತ್ತಿರದಲ್ಲೇ, ಎಡಗಡೆಯ ಪೊದೆಗಳ ಆಚೆ. ಸಣ್ಣ ಕೂ. ಒಂದೇ.

ಸಾತ್ವಿಕಾ ಬಾಯಿ ತೆರೆದದ್ದು ಗೊತ್ತಾಗಿ ನಾನು ಹಿಂದಕ್ಕೆ ಕೈ ಚಾಚಿ ಅವಳ ಮೊಣಕಾಲು ಒತ್ತಿ ಹಿಡಿದೆ.

“ಓಗೊಡಬೇಡ.”

“ಮಾಮಿ, ಅದು ಮಾವ.”

“ಅಲ್ಲ. ಅವರಾದ್ರೆ ಮೂರು ಸಲ ಕೂಗ್ತಿದ್ರು. ನಿನ್ನ ಅಜ್ಜಿಯ ಮಗ ಅವರು. ಸಂಜೆ ಕೂಡ ಇದೇ ಸ್ವರ ಕೇಳಿದೆ, ಆಗಲೂ ಒಂದೇ.”

“ಸಂಜೆಯೂ ಕೇಳಿತಾ?” ಎಂದು ಅವಳು ಹುಟ್ಟು ನಿಲ್ಲಿಸಿದಳು. ಬೈಯಲಿಲ್ಲ. ಆಗ ನನಗೆ ಗುರುವಾಯನಕೆರೆಯ ಮದುವೆಯ ಕುರ್ಚಿ ಕಂಡಿತು. ‘ನೀ’ ಎಂದವರಿಗೆ ‘ಲಾ’ ಎನ್ನಲು ಆಗಿರಲಿಲ್ಲ. ಒಂದು ಅಕ್ಷರಕ್ಕೇ ಬಲ ಮುಗಿಯುವವರು ಮೂರು ಕೂ ಎಲ್ಲಿಂದ ತರುತ್ತಾರೆ? ಅಯ್ಯೋ ದೇವರೇ, ಸಂಜೆಯಿಂದ ಅವರು ಕರೆಯುತ್ತಿದ್ದಾರೆ, ನಾನು ಬಾಗಿಲು ಹಾಕಿ ದೀಪ ಹಚ್ಚಿದೆ.

“ಓ” ಎಂದೆ. ಹೆದರಿಕೆ ಹೋಗಿರಲಿಲ್ಲ, ಆದರೂ ಗಟ್ಟಿಯಾಗಿ “ಓ” ಎಂದೆ.

ಉತ್ತರ ಇಲ್ಲ. ಸಾತ್ವಿಕಾ “ಮಾವಾ” ಎಂದು ಕರೆದಳು. ಉತ್ತರ ಇಲ್ಲ. ಮೂರು ಕೂ ಹಾಕಬೇಕಿತ್ತು, ಗೊತ್ತು; ನನ್ನ ಗಂಟಲಿನಲ್ಲಿ ಆಗ ಕೂ ಇರಲಿಲ್ಲ, ಅಳು ಇತ್ತು. ಬಿದ್ದೇ ಹೋದರು, ತಡವಾಯಿತು ಎಂದುಕೊಂಡೆ. ಜನ್ಮದಲ್ಲಿ ಮೊದಲ ಸಲ ಗಂಡನ ಹೆಸರು ಹಿಡಿದು ಕರೆದೆ. “ನಿತ್ಯಾನಂದಾ!”

ಅದಕ್ಕೂ ಉತ್ತರ ಇಲ್ಲ. ಆದರೆ ಪೊದೆಯ ಆಚೆ ನೀರು ಸರಕ್ಕನೆ ಅಲುಗಿತು, ಯಾರೋ ಇನ್ನಷ್ಟು ಮುದುಡಿ ಕೂತ ಹಾಗೆ.

ಅಲುಗುವಷ್ಟು ಜೀವ ಇದ್ದೂ ಓ ಎನ್ನುವುದಿಲ್ಲವೇ? ನನ್ನ ಹೆದರಿಕೆಯೆಲ್ಲ ಒಮ್ಮೆಲೇ ಸಿಟ್ಟಾಯಿತು.

“ಬಾಯಲ್ಲಿ ಎಂತ ಇಟ್ಟುಕೊಂಡಿದ್ದೀರಿ? ಮಾತ್ರೆ ತಿಂದು ಉಣ್ಣದೆ ಹೋಗ್ಲಿಕ್ಕೆ ಯಾರು ಹೇಳಿದ್ದು ನಿಮಗೆ? ಬಂಗುಡೆ ಎಂತ ಪಾಪ ಮಾಡಿತ್ತು? ನನ್ನ ಮೇಲೆ ಸಿಟ್ಟಾದ್ರೆ ನನಗೆ ಬೈಬೇಕು, ಅನ್ನಕ್ಕೆ ಮುಚ್ಚಳ ಹಾಕಿ ಬರುದಲ್ಲ. ದನದ ಬಾನಿಯಲ್ಲಿ ಕೂತು ಈ ಕತ್ತಲೆಯಲ್ಲಿ ಬಂದಿದ್ದೇನೆ ನಾನು, ನನ್ನ ಸೊಂಟ ಎರಡು ತುಂಡಾಗಿದೆ, ಇವರು ಅಲ್ಲಿ ಮೌನವ್ರತ ಮಾಡ್ತಾರಂತೆ...”

“ನೀಲಾ” ಎಂದಿತು ಒಂದು ಸಣ್ಣ ಸ್ವರ. “ಬೈಬೇಡ ಮಾರಾಯ್ತಿ. ಇಲ್ಲೇ ಇದ್ದೇನೆ.”

ಹೋದ ಜೀವ ಬಂತು. ಬೈಗುಳ ಅರ್ಧಕ್ಕೇ ನಿಂತು ನಾನು ಬಿಕ್ಕಿ ಬಿಕ್ಕಿ ಅತ್ತೆ. ಸಾತ್ವಿಕಾ ಅಳುತ್ತಲೋ ನಗುತ್ತಲೋ ಪೊದೆಗಳ ನಡುವೆ ಕಯಾಕ್ ನುಗ್ಗಿಸಿದಳು.

ಕೆಂಪು ಕಯಾಕಿನ ಮೂತಿ ಮುಂಡಿಗೆಯ ಬೇರುಗಳ ನಡುವೆ ಸಿಕ್ಕಿಕೊಂಡಿತ್ತು. ಬಿಡಿಸಲು ಹೋಗಿ ಹುಟ್ಟು ಕೈಜಾರಿ ತೇಲಿಹೋಗಿತ್ತು. ಇವರ ಮುಖವೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. ನಾನು ಡಬ್ಬಿ ತೆರೆದು ಬೆಲ್ಲದ ತುಂಡು ಬಾಯಿಗೆ ಇಟ್ಟೆ. ಅಗಿದರು. ಇನ್ನೊಂದು ಇಟ್ಟೆ. ನೀರು ಕುಡಿಸಿದೆ. ಮೂರನೇ ತುಂಡಿಗೆ ಕೈ ತಾವೇ ಚಾಚಿದರು, ಆಗ ನಾನು ಉಸಿರು ಬಿಟ್ಟೆ. ಸಾತ್ವಿಕಾ ಅವರ ಮಣಿಕಟ್ಟು ಹಿಡಿದು ನಾಡಿ ನೋಡಿ ತಲೆಯಾಡಿಸಿದಳು. ಅವರ ನಡುಕ ನಿಲ್ಲುವವರೆಗೆ ನಾವು ಅಲ್ಲೇ ಎರಡು ದೋಣಿಗಳನ್ನು ಒತ್ತಿ ಹಿಡಿದು ಕೂತೆವು.

“ಓ ಅಂದೆನಲ್ಲ, ಎಂತಕ್ಕೆ ಮಾತಾಡ್ಲಿಲ್ಲ?” ಎಂದು ಕೇಳಿದೆ.

“ಮೊದಲು ಮೂರ್ನಾಲ್ಕು ಕಡೆಯಿಂದ ಒಂದೊಂದೇ ಕೂ ಬಂತು. ಒಂದೊಂದೇ, ಅದೂ ಬೇರೆ ಬೇರೆ ಕಡೆಯಿಂದ. ಹೇಗಾದರೂ ಆಗ್ಲಿ ಅಂತ ನಾನೂ ಒಂದು ಹಾಕಿದೆ. ಒಂದಕ್ಕೇ ಓ ಅಂತ ಬಂತು. ನಮ್ಮ ಮನೆಯವರು ಒಂದಕ್ಕೆ ಓಗೊಡ್ತಾರಾ? ಮತ್ತೆ ಸಾತ್ವಿಕಾನ ಸ್ವರ ಬಂತು. ಅವಳು ಬರುದು ನಾಳೆ ಅಲ್ವಾ. ಮತ್ತೆ ನನ್ನ ಹೆಸರು ಹಿಡಿದು ಕರೀತು. ಆಗ ಖಾತ್ರಿ ಆಯ್ತು ನನಗೆ, ಇದು ಕುಲೆಯೇ ಅಂತ. ನನ್ನ ಹೆಂಡತಿ ಹೆಸರು ಹೇಳುವವಳಲ್ಲ.”

“ಮತ್ತೆ ನಾನೇ ಅಂತ ಹೇಗೆ ಗೊತ್ತಾಯ್ತು?”

“ಬಂಗುಡೆ ಎಂತ ಪಾಪ ಮಾಡಿತ್ತು ಅಂತ ಕುಲೆ ಕೇಳ್ತದಾ?” ಎಂದರು.

ಸಾತ್ವಿಕಾ ನಕ್ಕ ರಭಸಕ್ಕೆ ದೋಣಿ ವಾಲಿತು. ನಾನೂ ನಕ್ಕೆ. ಅಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ಆ ನಗೆಯಲ್ಲಿ ಇಳಿದುಹೋಯಿತು. ಬೆಳ್ಳಕ್ಕಿಗಳು ಎದ್ದು ಒಮ್ಮೆ ಹಾರಿ ಮತ್ತೆ ಕೂತವು.

ಅವಳ ಫೋನು ರಿಂಗಾಯಿತು. ಕೆಸರು ಕೈಯಾದ್ದರಿಂದ ನನಗೇ ಎತ್ತಲು ಹೇಳಿದಳು. ನಾನು ಮೊದಲ ರಿಂಗಿಗೇ ಎತ್ತಿದೆ. ಮೊಯ್ದೀನ್.

“ನೀಲಕ್ಕನಾ? ಒಂದೇ ರಿಂಗಿಗೆ ಎತ್ತಿದ್ರಲ್ಲ. ಎಂತಾಯ್ತು? ಅಣ್ಣ...?” ಎಂದ.

“ಸಿಕ್ಕಿದ್ರು. ಬೆಲ್ಲ ತಿನ್ತಾ ಇದ್ದಾರೆ. ನೀನು ನಿಧಾನಕ್ಕೆ ಬಾ, ಊಟಕ್ಕೆ ನಮ್ಮಲ್ಲಿಗೇ ಬಾ” ಎಂದೆ. “ಅಲ್ಲಾಹ್, ಬದುಕಿದೆ” ಎಂದು ಅವನು ಉಸಿರು ಬಿಟ್ಟದ್ದು ನನಗೆ ಕೇಳಿತು.

ಕಟ್ಟದೆ ಉಳಿದ ಸೀರೆಯ ಪಟ್ಟಿಗಳು ಇವರ ಕಾಲಿನ ಹತ್ತಿರ ಇದ್ದವು. ಸಾತ್ವಿಕಾ ಅವುಗಳನ್ನು ಹೊಸೆದು ಹಗ್ಗ ಮಾಡಿ ಕೆಂಪು ಕಯಾಕನ್ನು ನಮ್ಮದರ ಹಿಂದೆ ಕಟ್ಟಿದಳು. ನಾನು ತಿರುಗಿ ನೋಡುವ ಹಾಗಿಲ್ಲ, ತಿರುಗಿದರೆ ಮೂವರೂ ನೀರಿಗೆ. ಅದಕ್ಕೆ ಇವರ ಬಾಯಿ ನಿಲ್ಲದ ಹಾಗೆ ನೋಡಿಕೊಂಡೆ.

“ಮಾತಾಡ್ತಾ ಇರಿ. ಇವತ್ತಿನ ವರದಿ ಹೇಳಿ.”

ಹಿಂದಿನಿಂದ ವರದಿ ಶುರುವಾಯಿತು. ಎಡಗಡೆಯ ಓಣಿಯ ಕೊನೆಗೆ ಒಂದು ದೊಡ್ಡ ತೆರವು ಇದೆಯಂತೆ, ಪೂರ್ತಿ ನೈದಿಲೆ; ದೂರದಿಂದ ಕಂಡ ಖುಷಿಗೆ ಪಟ್ಟಿ ಕಟ್ಟಲಿಕ್ಕೇ ಮರೆತರಂತೆ. ಅದನ್ನು ನನಗೆ ತೋರಿಸಬೇಕು ಎಂದು ನೋಡುತ್ತಾ ನಿಂತು ಹೊತ್ತು ಹೋದದ್ದೇ ಗೊತ್ತಾಗಲಿಲ್ಲವಂತೆ. ನಾನು ಆ ದಿನ ‘ಹೂಂ’ ಎಂದೆ. ಪ್ರತಿ ಮಾತಿಗೂ ‘ಹೂಂ’ ಎಂದೆ.

ಸ್ವಲ್ಪ ಮುಂದೆ ಬಂದ ಮೇಲೆ ಕೇಳಿದರು. “ಸಂಜೆ ಕೂಡ ಒಂದು ಹಾಕಿದ್ದೆ. ನಿನಗೆ ಕೇಳಿತಾ?”

“ಕೇಳಿತು. ಬಾಗಿಲು ಹಾಕಿ ಕೂತೆ.”

“ನಾನಾದ್ರೂ ಅದನ್ನೇ ಮಾಡ್ತಿದ್ದೆ” ಎಂದರು. ಹಾಗೆ ಎಂದದ್ದಕ್ಕೆ ನನಗೆ ಎಷ್ಟು ಹಗುರವಾಯಿತು ಎಂದು ಅವರಿಗೆ ಗೊತ್ತಿಲ್ಲ. “ಮೂರು ಹಾಕ್ಬೇಕು ಅಂತ ಇತ್ತು ನೀಲಾ. ಒಂದು ಹಾಕುವಾಗಲೇ ಕಣ್ಣು ಕತ್ತಲೆ ಬಂತು. ಉಸಿರು ಇದ್ದದ್ದೇ ಅಷ್ಟು.”

ಹುಟ್ಟಿನಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಟಾರ್ಚಿನ ಬೆಳಕಿಗೆ ಬೊಗ್ಗುವಿನ ಕಡವಿನ ಮೆಟ್ಟಿಲುಗಳು ಬಂದವು. ಈ ಸಲ ನಾನು ಬೆಳಕು ಬೇರೆ ಕಡೆ ತಿರುಗಿಸಲಿಲ್ಲ. ಸಣ್ಣ ಮೆಟ್ಟಿಲುಗಳು, ಪಾಚಿ ಹಿಡಿದವು. ದೋಣಿ ಕಟ್ಟುತ್ತಿದ್ದ ಕಲ್ಲು ಇನ್ನೂ ನಿಂತಿತ್ತು. ಅಲ್ಲಿಂದ ನಮ್ಮ ಮನೆಯ ದೀಪ ಕಾಣುತ್ತಿತ್ತು. ಅಷ್ಟು ಹತ್ತಿರ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೊಗ್ಗುವಿಗೂ ಆ ಸಂಜೆ ಒಂದೇ ಕೂಗಿನಷ್ಟು ಉಸಿರು ಉಳಿದಿತ್ತೋ ಏನೋ.

“ನಿಲ್ಲಿಸು ಮಗಾ” ಎಂದೆ.

ಸಾತ್ವಿಕಾ ಹುಟ್ಟು ನೀರಿಗೆ ಒತ್ತಿ ನಿಲ್ಲಿಸಿದಳು. ನಾನು ಕೈಯನ್ನು ಬಾಯಿಗೆ ಹಿಡಿದು ಮೆಟ್ಟಿಲುಗಳ ಕಡೆಗೆ “ಓ” ಎಂದೆ. ಉದ್ದಕ್ಕೆ, ಮನೆಯ ಅಂಗಳದಿಂದ ಎನ್ನುವ ಹಾಗೆ.

ಹಿಂದಿನ ದೋಣಿಯಲ್ಲಿ ಇವರೂ, ತಮ್ಮ ಬಳಿ ಉಳಿದಿದ್ದಷ್ಟು ಉಸಿರಿನಲ್ಲಿ, “ಓ” ಎಂದರು.

ಯಾರಿಗೆ ಎಂದು ಸಾತ್ವಿಕಾ ಕೇಳಲಿಲ್ಲ. ಅವಳಿಗೂ ಅಜ್ಜಿ ಆ ಕಥೆ ಹೇಳಿದ್ದರು. ಮತ್ತೆ ಹುಟ್ಟು ಎತ್ತಿದಳು. ಬಂಗುಡೆ ಬಿಸಿ ಮಾಡಬೇಕಿತ್ತು, ಮೊಯ್ದೀನನಿಗೂ ಸೇರಿಸಿ ಇನ್ನಷ್ಟು ಅಕ್ಕಿ ಹಾಕಬೇಕಿತ್ತು.